ಹಳೆಯ ಜೀಪು, ಬಿಡದ ಹಬ್ಬು ಮತ್ತು ಸಂಘದ ಹೊಣೆ

ಕೊಯ್ಲು ಎದುರಿಗೆ ಬಂದಾಗ ನಮ್ಮ ಸದಸ್ಯರ ಬಾಯಲ್ಲಿ ಎರಡೇ ಮಾತು: ಆಳು ಸಿಗುವುದಿಲ್ಲ, ಧಾರಣೆ ನಿಲ್ಲುವುದಿಲ್ಲ. ಈ ಎರಡರ ಬಗ್ಗೆ ಬರೆಯುವವರು ಬಹಳ ಮಂದಿ ಇದ್ದಾರೆ. ಮೂರನೆಯ ತಾಪತ್ರಯವೊಂದಿದೆ. ಅದರ ಬಗ್ಗೆ ಯಾರೂ ಬರೆಯುವುದಿಲ್ಲ. ಕಣದ ಬದಿಯಲ್ಲಿ ನಿಂತು ಬೈಯುತ್ತೇವೆ, ಅಷ್ಟೆ. ಹಣ್ಣು ಕೊಯ್ದು ಚೀಲಕ್ಕೆ ತುಂಬಿ ಆಗಿದೆ, ಅಡಿಕೆ ಗೊನೆ ಇಳಿಸಿ ಆಗಿದೆ, ಜೀಪು ಮಾತ್ರ ತೋಟದ ದಾರಿಯಲ್ಲಿ ಚಕ್ರ ಬಿಚ್ಚಿಕೊಂಡು ಕೂತಿದೆ. ಹೊಸ ಬೇರಿಂಗು ಪೇಟೆಯಿಂದ ಬಂದು ಎರಡು ದಿನವಾಯಿತು. ಹಳೆಯದು ಕೈಗೆ ಬಂದರಲ್ಲವೇ ಹೊಸದನ್ನು ಹಾಕುವುದು? ಅದರ ಮುಂದೆ ಕೂತಿರುವ ಹಬ್ಬೇ ಬಿಡುತ್ತಿಲ್ಲ.

ಕೊಯ್ದ ಕಾಫಿ ಹಣ್ಣು ಕಾಯುವುದಿಲ್ಲ. ಪಲ್ಪರ್‌ಗೆ ಹಾಕಬೇಕಾದದ್ದು ಅಂದೇ ಬೀಳಬೇಕು, ಇಲ್ಲವಾದರೆ ಚೀಲದಲ್ಲೇ ಬಿಸಿಯೇರಿ ಹುಳಿಯುತ್ತದೆ. ಆದ್ದರಿಂದ ಬಿಡದ ಒಂದು ಹಬ್ಬು ಕೇವಲ ಮೆಕ್ಯಾನಿಕ್ಕನ ತಲೆನೋವಲ್ಲ, ಬೆಳೆಗಾರನ ವರ್ಷದ ಲೆಕ್ಕದಲ್ಲಿ ಸೇರುವ ಬಾಬತ್ತು. ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಅವಸರದಲ್ಲಿ ಸುತ್ತಿಗೆ ಎತ್ತಿದವನ ಕಣ್ಣು, ಇಳಿಜಾರಿನಲ್ಲಿ ಗಾಡಿಯಡಿ ಮಲಗಿದವನ ಪ್ರಾಣ, ಇವುಗಳನ್ನು ಯಾವ ಧಾರಣೆಯೂ ಕಟ್ಟಿಕೊಡಲಾರದು. ಈ ಕಾರಣದಿಂದ ನಾವು ಇಂದು ಈ ವಿಷಯವನ್ನು ಸದಸ್ಯರ ಮುಂದಿಡುತ್ತಿದ್ದೇವೆ. ನಮ್ಮ ಅಭಿಪ್ರಾಯ ಇಷ್ಟೆ: ಅಂಟಿಕೊಂಡ ಭಾಗಕ್ಕೆ ಮದ್ದು ಸುತ್ತಿಗೆಯಲ್ಲ, ಸರಿಯಾದ ಸಲಕರಣೆ ಮತ್ತು ತಾಳ್ಮೆ. ಆ ಸಲಕರಣೆಯನ್ನು ಒಬ್ಬೊಬ್ಬರೇ ಕೊಳ್ಳುವುದಕ್ಕಾಗದು, ಆದ್ದರಿಂದ ಸಂಘವೇ ಕೊಂಡಿಡಬೇಕು.

ಜೀಪು ನಮ್ಮ ಊರಿಗೆ ಬಂದ ಬಗೆ

1947ರಲ್ಲಿ ಮಹೀಂದ್ರ ಸಂಸ್ಥೆ ಮುಂಬಯಿಯಲ್ಲಿ ವಿಲ್ಲೀಸ್ ಜೀಪಿನ ಜೋಡಣೆ ಆರಂಭಿಸಿತು. ಯುದ್ಧಕ್ಕೆಂದು ಹುಟ್ಟಿದ ಗಾಡಿ ಮಲೆನಾಡಿನ ತೋಟಗಳಿಗೆ ಹೇಳಿ ಮಾಡಿಸಿದ ಹಾಗೆ ಹೊಂದಿಕೊಂಡಿತು. ಅಮೆರಿಕದಲ್ಲಿ ಸಿಜೆ-3ಬಿ ಮಾದರಿಯ ತಯಾರಿಕೆ 1968ರಲ್ಲಿ ನಿಂತರೂ ನಮ್ಮ ದೇಶದಲ್ಲಿ ಅದೇ ಮನೆತನದ ಜೀಪುಗಳು ಬಹಳ ವರ್ಷ ಬರುತ್ತಲೇ ಇದ್ದವು. ಪೆಟ್ರೋಲ್ ಎಂಜಿನ್ ಕಳಚಿ ಡೀಸೆಲ್ ಕೂರಿಸಿದೆವು. ಹಿಂದಿನ ಸೀಟು ತೆಗೆದು, ತೊಟ್ಟಿ ಕಟ್ಟಿಸಿ ಪಿಕಪ್ ಮಾಡಿಕೊಂಡೆವು. ಮೇಲಿನ ವೇಷ ಎಷ್ಟು ಸಲ ಬದಲಾದರೂ ಕೆಳಗಿನ ಗೇರ್ ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್, ಹಿಂದಿನ ಆಕ್ಸಲ್ ಹೆಚ್ಚುಕಡಿಮೆ ಅದೇ ಹಳೆಯ ಅಚ್ಚಿನದು. ಇದರಿಂದ ಒಂದು ಅನುಕೂಲ ಉಂಟು. ಒಂದು ಗಾಡಿಯ ಗುಟ್ಟು ಬಲ್ಲವನಿಗೆ ಹತ್ತು ಗಾಡಿಯ ಗುಟ್ಟು ಗೊತ್ತು.

ತುಕ್ಕಿಗೆ ನಾವೇ ಹಾಲೆರೆದದ್ದು

ನಮ್ಮ ಕಡೆಯ ಗಾಡಿಗಳ ನಟ್ಟು ಬೋಲ್ಟು ಬಯಲುಸೀಮೆಯ ಗಾಡಿಗಳಿಗಿಂತ ಬೇಗ ಅಂಟುತ್ತವೆ. ಮಳೆಯೇ ಕಾರಣ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆಗುಂಬೆಯಂಥ ಕಡೆ ವರ್ಷಕ್ಕೆ 7000 ಮಿ.ಮೀ. ಮೀರಿ ಮಳೆ ಬೀಳುವುದು ನಿಜ. ಆದರೆ ಮಳೆಯ ಜೊತೆಗೆ ನಾವೂ ಒಂದಿಷ್ಟು ಸೇರಿಸುತ್ತೇವೆ.

ಅಡಿಕೆ ಬೆಳೆಗಾರರೆಲ್ಲರಿಗೂ ಚಾಕುವಿನ ಪರೀಕ್ಷೆ ಗೊತ್ತು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಸೇರಿಸಿ ಬೋರ್ಡೋ ದ್ರಾವಣ ಮಾಡಿದ ಮೇಲೆ ಹೊಳೆಯುವ ಚಾಕುವನ್ನು ಅದರಲ್ಲಿ ಅದ್ದಿ ನೋಡುತ್ತೇವೆ. ಅಲಗು ಕೆಂಪಾದರೆ ಸುಣ್ಣ ಸಾಲದು ಎಂದು ಅರ್ಥ. ಆ ಕೆಂಪು ಏನು? ದ್ರಾವಣದ ತಾಮ್ರ ಬಂದು ಅಲಗಿನ ಮೇಲೆ ಕೂತದ್ದು. ಅದು ಕೂರುವ ಜಾಗದಲ್ಲಿದ್ದ ಕಬ್ಬಿಣ ಕರಗಿ ನೀರಿಗೆ ಹೋಗಿರುತ್ತದೆ. ಚಾಕುವಿನ ಮೇಲೆ ನಾವು ಕಣ್ಣಾರೆ ಕಾಣುವ ಇದೇ ವ್ಯಾಪಾರ ಜೀಪಿನ ತೊಟ್ಟಿಯಡಿಯಲ್ಲಿ ಕಾಣದಂತೆ ನಡೆಯುತ್ತದೆ. ಮೈಲುತುತ್ತದ ನೀರು ತುಂಬಿದ ಡ್ರಮ್ಮು ತೋಟದ ದಾರಿಯಲ್ಲಿ ತುಳುಕುತ್ತದೆ, ತೊಟ್ಟಿಯ ಸಂದಿನಿಂದ ಸೋರಿ ಚಾಸಿ, ಶಾಫ್ಟು, ಬ್ರೇಕಿನ ಪೈಪುಗಳ ಮೇಲೆ ಇಳಿಯುತ್ತದೆ. ಕೂತ ತಾಮ್ರವೂ ಸುಮ್ಮನಿರದು. ಒದ್ದೆಯಲ್ಲಿ ತಾಮ್ರ ಕಬ್ಬಿಣ ಕೂಡಿದ ಕಡೆ ತುಕ್ಕು ಮತ್ತೂ ಚುರುಕು. ಪೊಟ್ಯಾಷ್ ಗೊಬ್ಬರದ ಕಥೆಯೂ ಹೀಗೆಯೇ. ಅದು ಉಪ್ಪಿನ ಜಾತಿಯದು, ಗಾಳಿಯ ತೇವ ಎಳೆದುಕೊಂಡು ಕಬ್ಬಿಣದ ಮೇಲೆ ಒದ್ದೆ ಆರದಂತೆ ಇಡುತ್ತದೆ.

ಹುಟ್ಟಿದ ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಹೊರಗಡೆ ಆದರೆ ಸಿಪ್ಪೆಯಾಗಿ ಉದುರಿ ಹೋದೀತು. ನಟ್ಟಿನೊಳಗೆ, ಕಪ್ಪಿನ ಸುತ್ತ, ಹಬ್ಬಿನ ತೂತಿನಲ್ಲಿ ಉದುರುವುದಕ್ಕೆ ಜಾಗವೆಲ್ಲಿ? ಅಲ್ಲಿಯೇ ಉಬ್ಬಿ ಬೆಣೆ ಹೊಡೆದ ಹಾಗೆ ಬಿಗಿಯುತ್ತದೆ. ಹೀಗೆ ಬಿಗಿದದ್ದನ್ನು ಹೊರಗಿನಿಂದ ಹೊಡೆದರೆ ಬೆಣೆ ಸಡಿಲುವುದಿಲ್ಲ, ಬಡಿದ ಕಡೆ ಲೋಹ ಅಗಲವಾಗಿ ಇನ್ನಷ್ಟು ಕಚ್ಚಿಕೊಳ್ಳುತ್ತದೆ. ಸುತ್ತಿಗೆಯ ವಿಷಯದಲ್ಲಿ ನಮ್ಮ ಮೊದಲನೆಯ ಆಕ್ಷೇಪ ಇದೇ.

ಕೆಲಸಕ್ಕೆ ಮೊದಲು ಜೀವ

ಬಿಚ್ಚುವ ರೀತಿ ಹೇಳುವ ಮೊದಲು ಒಂದು ವಿಷಯವನ್ನು ಒತ್ತಿ ಹೇಳುತ್ತೇವೆ. ಇದೊಂದನ್ನು ಸದಸ್ಯರು ನೆನಪಿಟ್ಟು ಉಳಿದದ್ದೆಲ್ಲ ಮರೆತರೂ ಚಿಂತೆಯಿಲ್ಲ.

ಕಾರುಗಳಲ್ಲಿ ಕೈಬ್ರೇಕು ಚಕ್ರವನ್ನು ಹಿಡಿಯುತ್ತದೆ. ಹಳೆಯ ಜೀಪಿನಲ್ಲಿ ಹಾಗಲ್ಲ. ಅದರ ಕೈಬ್ರೇಕಿನ ಡ್ರಮ್ಮು ಗೇರ್ ಬಾಕ್ಸಿನ ಹಿಂದೆ, ಫೋರ್‌ವೀಲ್ ಪೆಟ್ಟಿಗೆಯ ಬಾಲದಲ್ಲಿದೆ. ಅದು ಹಿಡಿಯುವುದು ಶಾಫ್ಟನ್ನು. ಶಾಫ್ಟು ಆಕ್ಸಲ್ಲನ್ನು ಹಿಡಿಯುತ್ತದೆ, ಆಕ್ಸಲ್ಲು ಚಕ್ರವನ್ನು. ನಡುವಿನ ಶಾಫ್ಟು ಬಿಚ್ಚಿದ ಕ್ಷಣ ಕೈಬ್ರೇಕಿಗೂ ಚಕ್ರಕ್ಕೂ ಸಂಬಂಧ ಕಡಿಯಿತು. ಗೇರಿನಲ್ಲಿ ನಿಲ್ಲಿಸಿದ್ದರೂ ಅಷ್ಟೆ, ಎಂಜಿನ್ನಿನ ಹಿಡಿತ ಹೋಗುವುದು ಅದೇ ಶಾಫ್ಟಿನ ಮೂಲಕ. ಕೊನೆಯ ಬೋಲ್ಟು ಕಳಚುವವನು ಗಾಡಿಯಡಿ ಅಂಗಾತ ಮಲಗಿರುತ್ತಾನೆ. ಮಲೆನಾಡಿನಲ್ಲಿ ಗಾಡಿ ನಿಂತ ಜಾಗ ಸಮತಟ್ಟಾಗಿರುವುದು ಅಪರೂಪ. ಮುಂದೆ ಏನಾದೀತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಅಪಾಯ ಇದರ ತಮ್ಮ. ಹಿಂದಿನ ಒಂದು ಚಕ್ರವನ್ನು ಜಾಕು ಕೊಟ್ಟು ಎತ್ತಿದಿರಿ, ಕೈಬ್ರೇಕು ಎಳೆದಿದ್ದೀರಿ, ಶಾಫ್ಟೂ ಜಾಗದಲ್ಲಿದೆ. ಆದರೂ ಗಾಡಿ ಉರುಳಬಹುದು. ಶಾಫ್ಟು ತಿರುಗದಿದ್ದರೂ ಡಿಫರೆನ್ಷಿಯಲ್ಲು ಒಂದು ಚಕ್ರ ಮುಂದಕ್ಕೆ, ಇನ್ನೊಂದು ಹಿಂದಕ್ಕೆ ತಿರುಗುವುದಕ್ಕೆ ಬಿಡುತ್ತದೆ. ಎತ್ತಿದ ಚಕ್ರ ಗಾಳಿಯಲ್ಲಿ ಉಲ್ಟಾ ತಿರುಗುತ್ತಿರುವಾಗ ನೆಲದ ಚಕ್ರ ಇಳಿಜಾರು ಹಿಡಿಯುತ್ತದೆ, ಗಾಡಿ ಜಾಕಿನಿಂದ ಜಾರುತ್ತದೆ.

ಆದ್ದರಿಂದ ಸಮತಟ್ಟಾದ ಗಟ್ಟಿ ನೆಲ, ನೆಲದಲ್ಲಿರುವ ಚಕ್ರಗಳಿಗೆ ಎರಡೂ ಕಡೆಯಿಂದ ಅಡ್ಡಗಲ್ಲು, ಚಾಸಿಯಡಿ ಕಬ್ಬಿಣದ ಸ್ಟ್ಯಾಂಡು, ಈ ಮೂರೂ ಇಲ್ಲದೆ ಯಾರೂ ಗಾಡಿಯಡಿ ಹೋಗಕೂಡದು. ಜಾಕು ಎತ್ತುವುದಕ್ಕೆ ಇರುವುದು, ಹೊರುವುದಕ್ಕಲ್ಲ. ಜಂಬಿಟ್ಟಿಗೆ ಕಲ್ಲನ್ನು ಸ್ಟ್ಯಾಂಡಿನ ಬದಲು ಇಡುವ ರೂಢಿ ನಮ್ಮಲ್ಲಿದೆ. ಗೋಡೆಯಲ್ಲಿ ಭಾರವನ್ನು ಸಮನಾಗಿ ಹಂಚಿಕೊಳ್ಳುವ ಕಲ್ಲು ಆಕ್ಸಲ್ಲಿನ ಕೆಳಗೆ ಒಂದೇ ಕಡೆ ಭಾರ ಬಿದ್ದರೆ ಹೇಳದೆ ಕೇಳದೆ ಒಡೆಯುತ್ತದೆ. ತೋಟದ ಆಳನ್ನು ಗಾಡಿಯಡಿಗೆ ಕಳಿಸುವ ಯಜಮಾನರು ತಮ್ಮ ಮಗನನ್ನು ಕಳಿಸುವಾಗ ಏನೇನು ನೋಡುತ್ತಾರೋ ಅಷ್ಟನ್ನೂ ಇಲ್ಲಿ ನೋಡಬೇಕು.

ಹಿಂದಿನ ಹಬ್ಬು

ಹಠಮಾರಿಗಳಲ್ಲಿ ಹಿರಿಯ ಹಿಂದಿನ ಹಬ್ಬು. ಹಿಂದಿನ ಡ್ರಮ್ಮಿನ ನಟ್ಟನಡುವೆ ಸ್ಪ್ಲಿಟ್ ಪಿನ್ನು ಹಾಕಿದ ದೊಡ್ಡ ನಟ್ಟು ಕಾಣುವ ಗಾಡಿಗಳ ಮಾತು ಇದು. ಅಲ್ಲಿ ಆಕ್ಸಲ್ಲಿನ ತುದಿ ಕ್ಯಾರೆಟ್ಟಿನ ಹಾಗೆ ಚೂಪಾಗುತ್ತ ಹೋಗಿದೆ, ಹಬ್ಬಿನ ತೂತೂ ಅದೇ ಆಕಾರ. ಒಂದು ಕೀ ಇದೆಯಾದರೂ ಭಾರ ಹೊರುವುದು ಮುಖ್ಯವಾಗಿ ಆ ಚೂಪಿನ ಬಿಗಿತವೇ. ಈ ನಟ್ಟನ್ನು 150 ಪೌಂಡ್-ಅಡಿಗೆ ಕಡಿಮೆಯಿಲ್ಲದಂತೆ ಬಿಗಿಯಬೇಕೆಂದು ನಿಯಮ. ಲೆಕ್ಕ ಸುಲಭ: ಎಪ್ಪತ್ತು ಕಿಲೋ ತೂಗುವ ಆಳು ಒಂದಡಿ ಉದ್ದದ ಸ್ಪ್ಯಾನರಿನ ತುದಿಯಲ್ಲಿ ನಿಂತರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಹೀಗೆ ಬೆಣೆಯಂತೆ ಕೂತದ್ದು ಹತ್ತು ವರ್ಷ ಭಾರ ಎಳೆದು, ಮಳೆ ಕುಡಿದರೆ ಕೈಗೆ ಬರುವುದೆಂತು?

ನಮ್ಮಲ್ಲಿ ನಡೆಯುವ ಪದ್ಧತಿ ಇದು. ನಟ್ಟು ತೆಗೆದು, ಡ್ರಮ್ಮಿನ ಹಿಂಭಾಗಕ್ಕೆ ನಾಲ್ಕು ಏಟು, ಬರದಿದ್ದರೆ ಆಕ್ಸಲ್ಲಿನ ಮೂತಿಗೇ ದೊಡ್ಡ ಸುತ್ತಿಗೆಯಲ್ಲಿ ಹತ್ತು ಏಟು. ಡ್ರಮ್ಮು ಬೀಡಿನದು, ಬೀಡು ಬಗ್ಗುವುದಿಲ್ಲ, ಸೀಳುತ್ತದೆ. ಆಕ್ಸಲ್ಲಿನ ಮೂತಿಗೆ ಬಿದ್ದ ಏಟು ಅಲ್ಲಿಗೇ ನಿಲ್ಲುವುದಿಲ್ಲ. ಆಕ್ಸಲ್ಲಿನ ಉದ್ದಕ್ಕೂ ಹೋಗಿ ನಡುವಿನ ಒತ್ತುಕಟ್ಟೆಯನ್ನೂ ಬೇರಿಂಗನ್ನೂ ತಟ್ಟುತ್ತದೆ. ತುದಿಯ ಥ್ರೆಡ್ಡು ಅಣಬೆಯಂತೆ ಅರಳಿದರೆ ನಟ್ಟು ಮತ್ತೆ ಕೂರದು. ಒಂದು ಸೀಲು ಬದಲಿಸಲು ಹೋಗಿ ಆಕ್ಸಲ್ಲು, ಡ್ರಮ್ಮು, ಬೇರಿಂಗು ಮೂರನ್ನೂ ಕೊಂಡವರು ನಮ್ಮ ತಾಲ್ಲೂಕುಗಳಲ್ಲಿ ಕಡಿಮೆಯಿಲ್ಲ.

ಸರಿಯಾದ ದಾರಿ ನಿಧಾನವಾದದ್ದು, ಆದರೆ ಸುತ್ತುದಾರಿಯಲ್ಲ. ಚಕ್ರಗಳು ನೆಲದ ಮೇಲಿರುವಾಗಲೇ ಸ್ಪ್ಲಿಟ್ ಪಿನ್ನು ತೆಗೆದು ನಡುವಿನ ನಟ್ಟನ್ನು ಸಡಿಲಿಸಿಕೊಳ್ಳಬೇಕು. ಒಂದಡಿಯ ಸ್ಪ್ಯಾನರಿಗೆ ಮೂರಡಿಯ ಪೈಪು ತೊಡಿಸಿದರೆ ಅದೇ ಆಳಿನ ಬಲ ಮೂರರಷ್ಟಾಗುತ್ತದೆ. ಚಕ್ರದ ನಟ್ಟು ಬಿಚ್ಚುವಾಗ ಎಡಗಡೆಯ ಚಕ್ರವನ್ನು ಗಮನಿಸಬೇಕು. ಹಳೆಯ ವಿಲ್ಲೀಸ್ ಮಾದರಿಗಳಲ್ಲಿ ಎಡಗಡೆಯ ಸ್ಟಡ್ಡುಗಳು ಉಲ್ಟಾ ಥ್ರೆಡ್ಡಿನವು, ತುದಿಯಲ್ಲಿ ಇಂಗ್ಲಿಷಿನ ಎಲ್ ಅಕ್ಷರ ಕೆತ್ತಿರುತ್ತದೆ. ಇದನ್ನು ತಿಳಿಯದೆ ಬಿಚ್ಚುತ್ತಿದ್ದೇವೆಂದು ಬಿಗಿಯುತ್ತ ಸ್ಟಡ್ಡು ಮುರಿದುಕೊಳ್ಳುವುದು ಬಹಳ ಹಳೆಯ ಕಥೆ.

ಆಮೇಲೆ ಬ್ರೇಕು ಶೂಗಳನ್ನು ಒಳಕ್ಕೆ ಸಡಿಲಿಸಬೇಕು. ಸವೆದ ಡ್ರಮ್ಮಿನ ಅಂಚಿನಲ್ಲಿ ಏಣು ಎದ್ದಿರುತ್ತದೆ, ಶೂ ಅದಕ್ಕೆ ಸಿಕ್ಕಿಕೊಂಡರೆ ಹಬ್ಬು ಬಿಟ್ಟರೂ ಡ್ರಮ್ಮು ಬಿಡದು. ನಂತರ ಪುಲ್ಲರ್. ಡ್ರಮ್ಮಿನ ಅಂಚಿಗೆ ಕೊಕ್ಕೆ ಹಾಕುವ ಮೂರು ಕಾಲಿನ ಪುಲ್ಲರ್ ಇಲ್ಲಿ ಸಲ್ಲದು, ಅದು ಡ್ರಮ್ಮನ್ನೇ ಸೀಳೀತು. ಚಕ್ರದ ಸ್ಟಡ್ಡುಗಳಿಗೆ ನಟ್ಟು ಹಾಕಿ ಕೂರಿಸುವ ದಪ್ಪ ಪುಲ್ಲರ್ ಬೇಕು. ಆಕ್ಸಲ್ಲಿನ ನಟ್ಟನ್ನು ಪೂರ್ತಿ ತೆಗೆಯದೆ ನಾಲ್ಕೈದು ಸುತ್ತು ಉಳಿಸಿಕೊಂಡೇ ಎಳೆಯಬೇಕು. ಕೊನೆಗೂ ಹಬ್ಬು ಬಿಡುವಾಗ ಕೋವಿ ಸಿಡಿದ ಸದ್ದಾಗುತ್ತದೆ. ತಡೆಯಲು ನಟ್ಟು ಇಲ್ಲದಿದ್ದರೆ ಹಬ್ಬು, ಡ್ರಮ್ಮು, ಪುಲ್ಲರ್ ಎಲ್ಲ ಸೇರಿ ಎದುರಿಗಿದ್ದವನ ಎದೆಯ ಮೇಲೆ ಬರುತ್ತವೆ. ಎದುರಿಗೆ ಯಾರೂ ನಿಲ್ಲಬಾರದು.

ಪುಲ್ಲರನ್ನು ಬಿಗಿದು, ಅದರ ತಿರುಪಿನ ತಲೆಗೆ ಒಂದು ಹದವಾದ ಏಟು, ಮತ್ತೆ ಸ್ವಲ್ಪ ಬಿಗಿತ. ಬರಲಿಲ್ಲವೇ? ಹಾಗೇ ಬಿಗಿದಿಟ್ಟು, ಸುತ್ತಲೂ ಜನ ಮಕ್ಕಳು ಸುಳಿಯದಂತೆ ಮಾಡಿ, ಊಟಕ್ಕೆ ಹೋಗಿ. ಸಂಜೆಗೂ ಬರದಿದ್ದರೆ ಬೆಳಿಗ್ಗೆವರೆಗೆ ಬಿಡಿ. ರಾತ್ರಿಯ ಹೊತ್ತಿಗೆ ತಾನಾಗಿ ಬಿಟ್ಟು, ನಟ್ಟಿಗೆ ಒರಗಿ ಕೂತ ಹಬ್ಬುಗಳನ್ನು ಹಳೆಯ ಮೆಕ್ಯಾನಿಕ್ಕುಗಳು ಬೇಕಾದಷ್ಟು ಕಂಡಿದ್ದಾರೆ. ಕೆಲವರು ನಟ್ಟು ಸಡಿಲಿಸಿ ಅಂಗಳದಲ್ಲಿ ಗಾಡಿ ಓಡಿಸಿ ಹಬ್ಬು ಬಿಡಿಸುತ್ತಾರೆ. ಬಯಲಿನಲ್ಲಿ ಅದು ನಡೆದೀತು. ನಮ್ಮ ಏರುತಗ್ಗಿನಲ್ಲಿ, ಕೀ ಕತ್ತರಿಸಿ ಹೋದರೆ ಎಳೆತವೂ ಇಲ್ಲ, ಕೈಬ್ರೇಕಿನ ಹಿಡಿತವೂ ಇಲ್ಲ. ಆ ಉಪಾಯವನ್ನು ನಾವು ಶಿಫಾರಸು ಮಾಡುವುದಿಲ್ಲ.

ಡ್ರಮ್ಮಿನೊಳಗಿನ ಧೂಳನ್ನು ಬಾಯಿಂದ ಊದುವುದಾಗಲಿ ಗಾಳಿ ಹೊಡೆಯುವುದಾಗಲಿ ಬೇಡ. ಹಳೆಯ ಬ್ರೇಕು ಲೈನರುಗಳಲ್ಲಿ ಕಲ್ನಾರು ಇರುವುದುಂಟು, ಅದು ಶ್ವಾಸಕೋಶಕ್ಕೆ ಶತ್ರು. ಒದ್ದೆ ಬಟ್ಟೆಯಲ್ಲಿ ಒರಸಿ ಬಟ್ಟೆಯನ್ನು ಎಸೆಯಬೇಕು. ತಿರುಗಿ ಜೋಡಿಸುವಾಗ ಆ ಚೂಪು ಮೈಗೆ ಗ್ರೀಸು ಹಚ್ಚಬಾರದು. ಅದು ಶುಚಿಯಾಗಿ ಒಣಗಿರಬೇಕು. ಥ್ರೆಡ್ಡಿಗೆ ಮಾತ್ರ ತೆಳುವಾಗಿ ಹಚ್ಚಿದರೆ ಸಾಕು.

ಶಾಫ್ಟಿನ ಕ್ರಾಸು

ಎರಡನೆಯ ಹಠಮಾರಿ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟ್ ಕ್ರಾಸು. ಗ್ರೀಸು ಕಾಣದ ಕ್ರಾಸು ಮೊದಲು ಕೀರಲು ದನಿಯಲ್ಲಿ ದೂರುತ್ತದೆ, ಆಮೇಲೆ ಗೇರು ಹಾಕಿದಾಗಲೆಲ್ಲ ಟಣ್ ಎನ್ನುತ್ತದೆ, ಕೊನೆಗೆ ಮುರಿಯುತ್ತದೆ. ಓಡುವಾಗ ಮುರಿದ ಶಾಫ್ಟು ನೆಲಕ್ಕೆ ಬಡಿಯುತ್ತ ಬ್ರೇಕು ಪೈಪನ್ನೂ ಕಿತ್ತು ಹಾಕಬಹುದು. ಕೈಬ್ರೇಕು ಹೋಗಿರುವುದಂತೂ ಖಂಡಿತ.

ಶಾಫ್ಟು ಇಳಿಸುವ ಮೊದಲು ಜಾರುವ ಭಾಗದ ಎರಡೂ ಕಡೆ ಚಾಣದಲ್ಲಿ ಒಂದೊಂದು ಗುರುತು ಮಾಡಿಕೊಳ್ಳಬೇಕು. ಬಾಣದ ಗುರುತು ಕಂಡರೆ ಅದೇ ಸಾಕು. ತಿರುಗಿ ಹಾಕುವಾಗ ಗುರುತುಗಳು ಎದುರುಬದುರಾಗದಿದ್ದರೆ ಗಾಡಿ ನಡುಗುತ್ತದೆ, ಹೊಸ ಕ್ರಾಸೂ ಬೇಗ ಸಾಯುತ್ತದೆ. ಕಪ್ಪಿನ ಸರ್ಕ್ಲಿಪ್ಪು ಬರದಿದ್ದರೆ ಅದನ್ನೇ ಕೆದಕುತ್ತ ಕೂರಬಾರದು. ಕಪ್ಪನ್ನು ಹಿತ್ತಾಳೆ ಕಡ್ಡಿಯಿಟ್ಟು ಒಳಕ್ಕೆ ಒಂದು ಕೂದಲೆಳೆಯಷ್ಟು ತಟ್ಟಿದರೆ ಕ್ಲಿಪ್ಪಿನ ಮೇಲಿನ ಒತ್ತಡ ಹೋಗಿ ಅದು ಸಡಿಲವಾಗುತ್ತದೆ. ಗ್ರೀಸು ನಿಪ್ಪಲ್ಲನ್ನು ಮೊದಲೇ ಬಿಚ್ಚಿಟ್ಟುಕೊಂಡರೆ ಮುರಿಯುವ ಭಯವಿಲ್ಲ.

ಕಪ್ಪು ಹೊರಡಿಸುವುದಕ್ಕೆ ಒಂದು ಗಟ್ಟಿ ವೈಸು, ಎರಡು ಸಾಕೆಟ್ಟು ಸಾಕು. ಕಪ್ಪಿಗಿಂತ ಚಿಕ್ಕ ಸಾಕೆಟ್ಟು ಒಂದು ಕಡೆ, ಕಪ್ಪು ಒಳಗೆ ಹೋಗುವಷ್ಟು ದೊಡ್ಡದು ಇನ್ನೊಂದು ಕಡೆ ಇಟ್ಟು ವೈಸನ್ನು ತಿರುಗಿಸಿದರೆ ಚಿಕ್ಕದು ತಳ್ಳುತ್ತದೆ, ದೊಡ್ಡದು ನುಂಗುತ್ತದೆ. ಅದೇ ಕೆಲಸವನ್ನು ಸುತ್ತಿಗೆಯಲ್ಲಿ ಮಾಡಿದರೆ ನೊಗದ ಕಿವಿ ಬಾಗುತ್ತದೆ. ಬಾಗಿದ ಕಿವಿ ಕಣ್ಣಿಗೆ ಕಾಣುವುದಿಲ್ಲ, ಮುಂದಿನ ಕ್ರಾಸಿಗೆ ಕಾಣುತ್ತದೆ. ಶಾಫ್ಟಿನ ಕೊಳವೆಯನ್ನು ವೈಸಿಗೆ ಕಚ್ಚಿಸಬಾರದು, ಅದು ತೆಳ್ಳಗಿನದು. ಹೊಸ ಕ್ರಾಸಿಗೆ ನಾಲ್ಕೂ ಕಪ್ಪಿನಿಂದ ಗ್ರೀಸು ಇಣುಕುವವರೆಗೆ ಗನ್ನು ಹೊಡೆಯಬೇಕು.

ಎಣ್ಣೆ, ಬೆಂಕಿ, ಕುದಿನೀರು

ತುಕ್ಕು ಬಿಡಿಸುವ ಎಣ್ಣೆಯ ಗುಣ ಅದರ ಡಬ್ಬಿಯಲ್ಲಿಲ್ಲ, ನಾವು ಕೊಡುವ ಹೊತ್ತಿನಲ್ಲಿದೆ. ತಂತಿ ಬ್ರಷ್ಷಿನಿಂದ ಮಣ್ಣು ಸಿಪ್ಪೆ ಉಜ್ಜಿ ತೆಗೆದು, ಹಿಂದಿನ ಸಂಜೆಯೇ ಎಣ್ಣೆ ಬಿಟ್ಟು, ಮಲಗುವ ಮುನ್ನ ಇನ್ನೊಮ್ಮೆ ಬಿಟ್ಟರೆ ಬೆಳಿಗ್ಗೆ ಅರ್ಧ ಕೆಲಸ ಆಗಿರುತ್ತದೆ. ಪೇಟೆಯ ಎಣ್ಣೆ ಇಲ್ಲದಿದ್ದರೆ ಡೀಸೆಲ್ಲಾದರೂ ಏನೂ ಇಲ್ಲದಿದ್ದಕ್ಕಿಂತ ಮೇಲು. ನಟ್ಟನ್ನು ಬಿಚ್ಚುವ ಮುನ್ನ ಒಂದಿಷ್ಟು ಬಿಗಿಯಲು ನೋಡಬೇಕು. ತುಕ್ಕಿನ ಕಟ್ಟು ಒಮ್ಮೆ ಮುರಿಯಿತೆಂದರೆ ಯಾವ ಕಡೆಗೂ ತಿರುಗುತ್ತದೆ. ಸುಮ್ಮನೆ ಒಂದೇ ಕಡೆಗೆ ಎಳೆದರೆ ಬೋಲ್ಟಿನ ಕತ್ತು ಮುರಿಯುತ್ತದೆ. ಏನು ಮಾಡಿದರೂ ಬಾರದ ನಟ್ಟನ್ನು ಚಾಣದಲ್ಲಿ ಸೀಳಿ ಬಿಸಾಡುವುದೇ ಲೇಸು. ನಟ್ಟು ಅಗ್ಗ, ಸ್ಟಡ್ಡು ದುಬಾರಿ.

ಬೆಂಕಿಯ ಬಗ್ಗೆ ಎಚ್ಚರಿಕೆಯಿಂದ ಹೇಳುತ್ತೇವೆ. ಉಕ್ಕು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಗೆ ತನ್ನ ಅಳತೆಯ ಹತ್ತು ಲಕ್ಷದಲ್ಲಿ ಸುಮಾರು 12 ಪಾಲು ಹಿಗ್ಗುತ್ತದೆ. 50 ಮಿ.ಮೀ. ತೂತಿನ ಹಬ್ಬನ್ನು 150 ಡಿಗ್ರಿ ಹೆಚ್ಚಿಸಿದರೆ ತೂತು 0.09 ಮಿ.ಮೀ. ದೊಡ್ಡದಾಗುತ್ತದೆ. ಒಂದು ತಲೆಗೂದಲಿನಷ್ಟು ದಪ್ಪ, ಆದರೆ ಎಷ್ಟೋ ಸಲ ಅಷ್ಟೇ ಸಾಕು. ಇದು ಒದಗುವುದು ಹೊರಗಿನ ಭಾಗವನ್ನು ಮಾತ್ರ ಕಾಯಿಸಿದಾಗ. ಒಳಗಿನ ಆಕ್ಸಲ್ಲೂ ಕಾದರೆ ಅದೂ ಹಿಗ್ಗಿ ಲಾಭವೆಲ್ಲ ಹೋಯಿತು. ಗ್ಯಾಸಿನ ಬತ್ತಿ ಹಿಡಿದು ಕೆಂಪಗೆ ಕಾಯಿಸಿದರೆ ಸೀಲು ಸುಡುತ್ತದೆ, ಬೇರಿಂಗಿನ ಹದ ಕೆಡುತ್ತದೆ. ಎಣ್ಣೆ ಬಿಟ್ಟ ಜಾಗ, ಡೀಸೆಲ್ ಟ್ಯಾಂಕು, ಬ್ರೇಕು ಹೋಸು ಹತ್ತಿರದಲ್ಲೇ ಇರುತ್ತವೆ. ಬೆಂಕಿ ಅನುಭವಿಯ ಕೈಯಲ್ಲಿ ಮಾತ್ರ ಇರಲಿ.

ನಮ್ಮ ಮನೆಗಳಲ್ಲಿ ಬೆಂಕಿಗಿಂತ ಸೌಮ್ಯವಾದ ಉಪಾಯವಿದೆ. ಅಡಿಕೆ ಬೇಯಿಸುವ ಒಲೆ ಉರಿಯುವ ಕಾಲದಲ್ಲಿ ಕುದಿನೀರಿಗೆ ಬರವಿಲ್ಲ. ಪುಲ್ಲರ್ ಬಿಗಿದ ಹಬ್ಬಿಗೆ ಗೋಣಿ ಸುತ್ತಿ, ಕುದಿವ ನೀರನ್ನು ದೂರದಿಂದ ಮೆಲ್ಲಗೆ ಹೊಯ್ದರೆ ಹಬ್ಬು ಕಾಯುತ್ತದೆ, ಸೀಲು ಸುಡುವುದಿಲ್ಲ. ನೂರು ಡಿಗ್ರಿ ಮೀರುವ ಪ್ರಶ್ನೆಯೇ ಇಲ್ಲ.

ಗಟ್ಟಿ ಸುತ್ತಿಗೆಯ ಮೇಲೆ ಇನ್ನೊಂದು ಸುತ್ತಿಗೆಯಿಂದ ಹೊಡೆಯುವ ಚಾಳಿಯನ್ನು ಇಂದೇ ಬಿಡಬೇಕು. ಎರಡೂ ಗಟ್ಟಿ ಉಕ್ಕಾದ್ದರಿಂದ ಚೂರು ಸಿಡಿಯುತ್ತದೆ, ಸಿಡಿದ ಚೂರು ಕಣ್ಣನ್ನೇ ಹುಡುಕಿಕೊಂಡು ಬರುತ್ತದೆ. ನಡುವೆ ಹಿತ್ತಾಳೆಯೋ ಮರದ ತುಂಡೋ ಇರಲಿ, ಕಣ್ಣಿಗೆ ಕನ್ನಡಕ ಇರಲಿ.

ಇಟ್ಟುಕೊಳ್ಳಬೇಕೋ, ಮಾರಬೇಕೋ

ಇಷ್ಟೆಲ್ಲ ರಗಳೆ ಏಕೆ, ಹಳೆಯದನ್ನು ಗುಜರಿಗೆ ಹಾಕಿ ಸಾಲ ಮಾಡಿ ಹೊಸದು ತನ್ನಿ ಎನ್ನುವವರಿದ್ದಾರೆ. ಅವರ ಮಾತನ್ನು ತಳ್ಳಿಹಾಕುವುದು ನ್ಯಾಯವಲ್ಲ. ಕೇಂದ್ರ ಸರಕಾರ 2021ರಲ್ಲಿ ಹಳೆಯ ವಾಹನಗಳ ಗುಜರಿ ನೀತಿಯನ್ನು ಪ್ರಕಟಿಸಿತು. 2022ರ ಏಪ್ರಿಲ್‌ನಿಂದ ಮರುನೋಂದಣಿಯ ಶುಲ್ಕವೂ ಏರಿತು. ಖಾಸಗಿ ಗಾಡಿಗೆ 15 ವರ್ಷ ತುಂಬಿದ ಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಿಕೊಳ್ಳಬೇಕು. ಚಾಸಿ ತಿಂದುಹೋಗಿದ್ದರೆ, ಆಕ್ಸಲ್ಲಿನ ಹೊರಗೂಡು ಬಿರುಕು ಬಿಟ್ಟಿದ್ದರೆ, ಬ್ರೇಕನ್ನು ಭರವಸೆಯ ಸ್ಥಿತಿಗೆ ತರಲಾಗದಿದ್ದರೆ ಅಂಥ ಗಾಡಿಯ ಮೇಲಿನ ಮೋಹ ಬಿಡಬೇಕೆಂದೇ ನಮ್ಮ ಅಭಿಪ್ರಾಯ. ಅಜ್ಜನ ಕಾಲದ ಗಾಡಿ ಎಂಬ ಅಭಿಮಾನ ಬ್ರೇಕು ಹಿಡಿಯುವುದಿಲ್ಲ.

ಆದರೆ ಸಣ್ಣ ಬೆಳೆಗಾರನ ಗಾಡಿ ವರ್ಷದಲ್ಲಿ ಓಡುವುದೆಷ್ಟು? ತೋಟದಿಂದ ಕಣಕ್ಕೆ, ಕಣದಿಂದ ಸಂಘದ ಗೋದಾಮಿಗೆ, ಗೊಬ್ಬರ ಬಂದಾಗ ಪೇಟೆಗೆ. ಉಳಿದ ದಿನ ಕೊಟ್ಟಿಗೆಯಲ್ಲಿ. ಇಷ್ಟು ಓಡಾಟಕ್ಕೆ ಹೊಸ ಗಾಡಿಯ ಸಾಲ ಹೊತ್ತರೆ ಗಾಡಿ ನಿಂತಿದ್ದಾಗಲೂ ಬಡ್ಡಿ ಓಡುತ್ತಿರುತ್ತದೆ. ಕೊಳೆರೋಗ ಬಂದ ವರ್ಷವೂ ಕಂತು ತಪ್ಪುವುದಿಲ್ಲ. ಚಾಸಿ ಗಟ್ಟಿಯಿರುವ ಗಾಡಿಯನ್ನು ಬರೇ ಒಂದು ಹಬ್ಬು ಬಿಡಲಿಲ್ಲವೆಂಬ ಸಿಟ್ಟಿಗೆ ಮಾರಿ ಸಾಲಕ್ಕೆ ಬೀಳುವುದು ಇಲಿಗೆ ಹೆದರಿ ಮನೆ ಸುಟ್ಟ ಹಾಗೆ. ಹೊಸ ಗಾಡಿಯೂ ಇದೇ ಮಳೆಯಲ್ಲಿ, ಇದೇ ಮೈಲುತುತ್ತದಡಿ ಹಳೆಯದಾಗುತ್ತದೆ ಎಂಬುದನ್ನೂ ಮರೆಯಬಾರದು.

ಸಂಘ ಏನು ಮಾಡಬಹುದು

ಈಗ ಮುಖ್ಯ ಮಾತಿಗೆ ಬರೋಣ. ಹಬ್ಬು ಎಳೆಯುವ ಪುಲ್ಲರ್ ಒಂದು ಮನೆಗೆ ವರ್ಷಕ್ಕೊಮ್ಮೆ ಬೇಕಾದೀತು, ಎರಡು ವರ್ಷಕ್ಕೊಮ್ಮೆಯೂ ಆದೀತು. ಅದಕ್ಕಾಗಿ ಯಾರೂ ಕೊಳ್ಳುವುದಿಲ್ಲ, ಆದ್ದರಿಂದಲೇ ಎಲ್ಲರೂ ಸುತ್ತಿಗೆ ಎತ್ತುತ್ತಾರೆ. ಹಳೆಯ ಜೀಪು ಬಲ್ಲ ಮೆಕ್ಯಾನಿಕ್ಕುಗಳಿಗೆ ವಯಸ್ಸಾಗುತ್ತಿದೆ. ಈಗಿನ ಹುಡುಗರು ಕಲಿಯುವುದು ಕಂಪ್ಯೂಟರ್ ಹಚ್ಚಿ ನೋಡುವ ಗಾಡಿಗಳನ್ನು, ಅದರಲ್ಲಿ ತಪ್ಪೇನಿಲ್ಲ. ಹೀಗಿರುವಾಗ ಹಳೆಯ ವಿದ್ಯೆಯೂ ಅದರ ಸಲಕರಣೆಯೂ ಎಲ್ಲಿ ಉಳಿಯಬೇಕು?

ಒಬ್ಬನಿಗೆ ಭಾರವಾದದ್ದನ್ನು ಹತ್ತು ಜನ ಸೇರಿ ಹೊರುವುದಕ್ಕೇ ಸಹಕಾರವೆಂದು ಹೆಸರು. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಹುಟ್ಟಿದ ಸಂಘ ಹೊತ್ತದ್ದು ರೈತನ ಸಾಲದ ಭಾರವನ್ನು. 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿದ್ದು ಅಡಿಕೆ ಬೆಳೆಗಾರನ ಮಾರುಕಟ್ಟೆಯ ಭಾರ ಹೊರುವುದಕ್ಕೆ. ಒಂದು ಪುಲ್ಲರಿನ ಭಾರ ಅವುಗಳ ಮುಂದೆ ಎಷ್ಟರದು? ನಮ್ಮ ಸೂಚನೆಗಳು ಇವು.

ಮೊದಲನೆಯದು, ಸಂಘದ ಗೋದಾಮಿನಲ್ಲಿ ಒಂದು ಸಲಕರಣೆ ಪೆಟ್ಟಿಗೆ: ಸ್ಟಡ್ಡಿಗೆ ಕೂರುವ ಹಬ್ಬು ಪುಲ್ಲರ್, ಬೇರಿಂಗು ಪುಲ್ಲರ್, ಟಾರ್ಕ್ ಸ್ಪ್ಯಾನರ್, ಎರಡು ಜೊತೆ ಕಬ್ಬಿಣದ ಸ್ಟ್ಯಾಂಡು, ಚಕ್ರದ ಅಡೆಗಳು, ಕಣ್ಣಿನ ಕನ್ನಡಕ. ಸ್ಥಳವಿದ್ದ ಕಡೆ ಒಂದು ದೊಡ್ಡ ವೈಸು ಅಥವಾ ಸಣ್ಣ ಹೈಡ್ರಾಲಿಕ್ ಪ್ರೆಸ್ಸು.

ಎರಡನೆಯದು, ಠೇವಣಿ ಪಡೆದು, ಪುಸ್ತಕದಲ್ಲಿ ಬರೆದು ಕೊಡುವ ಕ್ರಮ. ಮೂರು ದಿನಕ್ಕೆ ವಾಪಸು. ಎಲ್ಲರ ವಸ್ತು ಯಾರದೂ ಅಲ್ಲ ಎಂದಾಗಿ ಹಾಳಾಗುವ ಭಯ ಸಹಜ. ಹೊಣೆಯನ್ನು ಒಬ್ಬ ನೌಕರರ ಹೆಸರಿಗೆ ಹಚ್ಚಿ, ಮುರಿದವರ ಠೇವಣಿಯಿಂದ ರಿಪೇರಿ ಮಾಡಿಸಿದರೆ ಆ ಭಯ ತೀರುತ್ತದೆ.

ಮೂರನೆಯದು, ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು: ಸ್ಟ್ಯಾಂಡು ಮತ್ತು ಅಡೆಗಳನ್ನು ಒಯ್ಯದವರಿಗೆ ಪುಲ್ಲರನ್ನು ಕೊಡಕೂಡದು. ಬೇಡವೆಂದರೂ ಜೊತೆಗೇ ಕೊಟ್ಟು ಕಳಿಸಬೇಕು.

ನಾಲ್ಕನೆಯದು, ಮಳೆ ಬಿಟ್ಟ ಮೇಲೆ, ಕೊಯ್ಲು ಬಿರುಸಾಗುವ ಮೊದಲು, ಸಂಘದ ಅಂಗಳದಲ್ಲಿ ಒಂದು ದಿನ. ಹಿರಿಯ ಮೆಕ್ಯಾನಿಕ್ಕರೊಬ್ಬರನ್ನು ಸಂಭಾವನೆ ಕೊಟ್ಟು ಕರೆಸಿ, ಒಂದು ಗಾಡಿಯ ಹಬ್ಬನ್ನೂ ಕ್ರಾಸನ್ನೂ ಎಲ್ಲರೆದುರು ಬಿಚ್ಚಿ ಜೋಡಿಸಿ ತೋರಿಸಬೇಕು. ಬೆಳೆಗಾರರ ಮಕ್ಕಳೂ ತೋಟದ ಆಳುಗಳೂ ನಿಂತು ನೋಡಲಿ, ಕೈ ಹಾಕಲಿ.

ಸದಸ್ಯರ ಪಾಲಿನ ಕೆಲಸವೂ ಉಂಟು. ಮದ್ದು ಹೊಡೆದ ದಿನ ಸಂಜೆಯೇ ತೊಟ್ಟಿಯನ್ನೂ ಅಡಿಯನ್ನೂ ಧಾರಾಳ ನೀರಿನಲ್ಲಿ ತೊಳೆಯುವುದು, ತಿಂಗಳಿಗೊಮ್ಮೆ ಶಾಫ್ಟಿಗೆ ಗ್ರೀಸು ಹೊಡೆಯುವುದು, ವರ್ಷಕ್ಕೊಮ್ಮೆ ಹಬ್ಬು ಬಿಚ್ಚಿ ನೋಡುವುದು. ವರ್ಷಕ್ಕೊಮ್ಮೆ ಬಿಚ್ಚಿದ ಹಬ್ಬು ಹಠ ಮಾಡುವುದಿಲ್ಲ, ಹತ್ತು ವರ್ಷ ಯಾರೂ ಮುಟ್ಟದ್ದು ಮಾತ್ರ ಮಾಡುತ್ತದೆ.

ಬರುವ ಸರ್ವ ಸದಸ್ಯರ ಸಭೆಯಲ್ಲಿ ಆಡಳಿತ ಮಂಡಳಿಯವರು ಈ ಸೂಚನೆಗಳನ್ನು ಚರ್ಚೆಗೆ ಎತ್ತಿಕೊಳ್ಳಬೇಕೆಂದು ಕೋರುತ್ತೇವೆ. ಖರ್ಚು ಹೆಚ್ಚೆನಿಸಿದರೆ ಪ್ರೆಸ್ಸನ್ನು ಬಿಡಲಿ, ಟಾರ್ಕ್ ಸ್ಪ್ಯಾನರನ್ನು ಮುಂದಿನ ವರ್ಷಕ್ಕೆ ಇಡಲಿ. ಎರಡು ಜೊತೆ ಸ್ಟ್ಯಾಂಡು ಮತ್ತು ಒಂದು ಪುಲ್ಲರ್ ಮಾತ್ರ ಈ ಕೊಯ್ಲಿನ ಮೊದಲೇ ಬರಲಿ.